ಸಪ್ಪೆಯಮ್ಮನ ಗುಡ್ಡ

ಬಿಳಿಕಲ್ಲಹಾಳಿನಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ ಸಿಗುವ ಗುಡ್ಡಕ್ಕೆ ಹೇಳಿಕೊಳ್ಳುವಂಥ ಎತ್ತರವಿಲ್ಲ. ನೆತ್ತಿಯ ಮೇಲೊಂದು ಹಾಸುಬಂಡೆ, ಅದರ ಅಂಚಿಗೆ ಅರಿಸಿನ ಬಳಿದ, ಮೊಣಕಾಲೆತ್ತರದ ಎರಡು ಕಲ್ಲುಗಳು, ಅವುಗಳಿಗೆ ತಗಡಿನ ಮಾಡು. ಗರ್ಭಗುಡಿಯಿಲ್ಲ, ಪೂಜಾರಿಯಿಲ್ಲ. ಪಂಚಾಯಿತಿಯವರು ನೆಟ್ಟ ಫಲಕದಲ್ಲಿ ‘ಸಪ್ಪೆಯಮ್ಮನ ಗುಡ್ಡ’ ಎಂದು ಬರೆದಿದೆ. ಇಲ್ಲಿಗೆ ಬುತ್ತಿ ತರುವವರು ಒಗ್ಗರಣೆ ಹಾಕದ ಸಪ್ಪೆ ಅಡುಗೆಯನ್ನೇ ತರುತ್ತಾರೆ. ಹೆಸರು ಅದರಿಂದ ಬಂದದ್ದು ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಆ ಪದ್ಧತಿ ಹೇಗೆ ಹುಟ್ಟಿತು ಎಂದು ಕೇಳಿದರೆ ಹಿರಿಯರು ಹೇಳುವ ಕಥೆಯೊಂದೇ ಆಧಾರ. ಅದಕ್ಕೆ ಶಾಸನವಿಲ್ಲ, ಕಡತವಿಲ್ಲ. ಅದು ನಡೆದ ಕಾಲವನ್ನು ಇಬ್ಬರು ಒಂದೇ ಬಗೆಯಾಗಿ ಹೇಳುವುದೂ ಇಲ್ಲ.

ಹಿಂದೆ ಒಮ್ಮೆ, ಸಿಡುಬಿಗೆ ಮದ್ದೆಂಬುದೇ ಇಲ್ಲದಿದ್ದ ಕಾಲದಲ್ಲಿ, ಊರಿಗೆ ಅಮ್ಮ ಬಂದಿದ್ದಳು ಎನ್ನುತ್ತಾರೆ. ಅಮ್ಮ ಕಾಲಿಟ್ಟ ಮನೆಯಲ್ಲಿ ಬಾಗಿಲಿಗೆ ಬೇವು ಕಟ್ಟಬೇಕು, ಒಲೆಯ ಮೇಲೆ ಸಾಸಿವೆ ಸಿಡಿಸಬಾರದು. ಒಗ್ಗರಣೆಯ ಘಾಟು ತಾಗಿದರೆ ಅವಳು ಮುನಿಯುತ್ತಾಳೆ ಎಂಬುದು ಎಲ್ಲರೂ ಬಲ್ಲ ಕಟ್ಟಳೆ. ಕುರಿಗಾರರ ಮನೆಯ ಸೊಸೆ ಗಾದ್ರಕ್ಕನಿಗೂ ಅದು ಗೊತ್ತಿತ್ತು. ಆದರೆ ಅವಳ ಐದು ವರ್ಷದ ಮಗಳು ಬೋರಿಗೆ ಬಂದದ್ದು ಬರಿಯ ಜ್ವರವೆಂದು ಅವಳು ನಂಬಿದ್ದಳು. ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಎರಡು ದಿನ ಏನನ್ನೂ ಮುಟ್ಟದಿದ್ದ ಕೂಸು ಮೂರನೆಯ ದಿನ ಕಣ್ಣು ತೆರೆದು, “ಅವ್ವಾ, ಮಜ್ಜಿಗೆ ಸಾರು ಮಾಡು. ಚಟಪಟ ಅನ್ನಿಸು” ಎಂದಿತು. ಮಗು ಉಣ್ಣುತ್ತೇನೆ ಎಂದಿತಲ್ಲ ಎಂಬ ಸಂಭ್ರಮಕ್ಕೆ ಗಾದ್ರಕ್ಕ ಒಂದು ಚಿಟಿಕೆಯ ಬದಲು ಎರಡು ಚಿಟಿಕೆ ಸಾಸಿವೆ ಸಿಡಿಸಿದಳು. ಬೋರಿ ಎರಡು ತುತ್ತು ಉಂಡಳು. ಮರುದಿನ ಬೆಳಗಾಗುವಷ್ಟರಲ್ಲಿ ಹಣೆ, ಕೆನ್ನೆ, ಅಂಗೈ ಎನ್ನದೆ ಗುಳ್ಳೆಗಳು ಎದ್ದಿದ್ದವು.

“ನಿನ್ನೆ ಘಾಟು ಎಬ್ಬಿಸಿದಾಕೆ ಯಾರೇ? ಬಾಯಿ ಬಿಡು,” ಎಂದಳು ಅತ್ತೆ ಮಾರಜ್ಜಿ. ಕಾಯಿಲೆ ಬಿದ್ದವರನ್ನು ಊರಾಚೆ ಇಡುವ ಕಟ್ಟಳೆಯಂತೆ ಗುಡ್ಡದ ಮೇಲೆ ಸೋಗೆಯ ಗುಡಿಸಲು ಎದ್ದಿತು. ತಾಯಿ ಮಗಳು ಅಲ್ಲಿ ಹತ್ತು ದಿನ ಕಳೆದರು. ಬೇವಿನ ಸೊಪ್ಪಿನಲ್ಲಿ ಗಾಳಿ ಬೀಸುವುದು, ಬಟ್ಟೆಯ ತುದಿಯಿಂದ ನಾಲಗೆಗೆ ನೀರು ಹನಿಸುವುದು, ಅಲ್ಲಿದ್ದ ಅಮ್ಮನ ಕಲ್ಲುಗಳಿಗೆ ಹಣೆ ಹಚ್ಚಿ ತಪ್ಪಾಯಿತು ಎನ್ನುವುದು: ಗಾದ್ರಕ್ಕನಿಗೆ ಇದಕ್ಕಿಂತ ಹೆಚ್ಚಿನದೇನೂ ಮಾಡಲು ಬರುತ್ತಿರಲಿಲ್ಲ. ಹನ್ನೊಂದನೆಯ ದಿನ ಬೋರಿ ತೀರಿಕೊಂಡಳು. ಅಮ್ಮ ಕರೆದುಕೊಂಡ ಕೂಸಿಗಾಗಿ ಯಾರೂ ಅಳುವಂತೆಯೂ ಇರಲಿಲ್ಲ. ಮಣ್ಣು ಮಾಡಿ ಎಲ್ಲರೂ ಕೆಳಗಿಳಿದರು, ಗಾದ್ರಕ್ಕ ಇಳಿಯಲಿಲ್ಲ. ಬುತ್ತಿ ತಂದವರಿಗೆಲ್ಲ ಅವಳು, “ಸಾಸಿವೆ ಸಿಡಿಸಿದ ಕೈ ಇದು, ಇದಕ್ಕೆ ಅನ್ನ ಬ್ಯಾಡ” ಎನ್ನುತ್ತಿದ್ದಳು. “ಇನ್ನೂ ಹರೇದಾಕಿ, ಮತ್ತೊಂದು ಹಡೀತೀಯ ಏಳು” ಎಂದವರಿದ್ದರು. ಹೊಸ ಸೀರೆ ಉಡಿಸಿದರೆ ಸರಿಹೋದಾಳು ಎಂದವರೂ ಇದ್ದರು. ನಾಲ್ಕನೆಯ ದಿನಕ್ಕೆ ಅವಳಿಗೆ ಕೂರುವ ತ್ರಾಣವೂ ಉಳಿಯಲಿಲ್ಲ. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂಬುದು ಊರಿಗೆಲ್ಲ ತಿಳಿದಿತ್ತು. ಏನು ಮಾಡಬೇಕೆಂಬುದು ತಿಳಿದಿರಲಿಲ್ಲ.

ಆ ಮಧ್ಯಾಹ್ನ ಕುಂಬಾರಗೇರಿಯ ಹಾಲವ್ವ ಗುಡ್ಡ ಹತ್ತಿ ಬಂದಳು ಎನ್ನುತ್ತಾರೆ. ಆರು ವರ್ಷದ ಹಿಂದೆ ಒಂದೇ ವಾರದಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡ ಹೆಂಗಸು ಅವಳು. ಸಮಾಧಾನದ ಮಾತೊಂದನ್ನೂ ಆಡದೆ ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ಬಿಸಿಲು ಹೊರಳಿದ ಮೇಲೆ ಬಾಯಿ ತೆರೆದಳು.

“ನಾನು ಒಂದು ಕಾಳೂ ಸಿಡಿಸಿರಲಿಲ್ಲ ಕಣೇ.”

ಗಾದ್ರಕ್ಕ ತಿರುಗಿ ನೋಡಿದಳು.

“ಕೇರಿಗೆ ಅಮ್ಮ ಬಂದಳು ಅಂತ ಕೇಳಿದ ದಿನವೇ ಸಾಸಿವೆ ಗಡಿಗೆ ಒಯ್ದು ತಿಪ್ಪೆಗೆ ಸುರಿದೆ. ಬೇವು ಕಟ್ಟಿದೆ, ನೇಮ ಹಿಡಿದೆ, ಒಂದೂ ತಪ್ಪಲಿಲ್ಲ. ದೊಡ್ಡದು ಮಂಗಳವಾರ ಹೋಯಿತು, ಚಿಕ್ಕದು ಶುಕ್ರವಾರ.”

“ಮತ್ತೆ ಯಾಕೆ ಒಯ್ದಳಕ್ಕಾ?”

“ನಂಗೂ ಗೊತ್ತಿಲ್ಲ. ಈ ಕಲ್ಲುಗಳ ಮುಂದೆ ಕೂತು ಕೇಳಿ ಕೇಳಿ ಗಂಟಲು ಹರಕೊಂಡೆ. ಈಗ ಕೇಳೋದು ಬಿಟ್ಟೀನಿ. ಕೈ ಮುಗಿಯೋದು ಬಿಟ್ಟಿಲ್ಲ.” ಮಡಕೆಯ ಮುಚ್ಚಳ ತೆಗೆದಳು. ಒಳಗಿದ್ದದ್ದು ನವಣೆ ಅನ್ನ, ಒಗ್ಗರಣೆಯಿಲ್ಲದ ಬಿಳಿ ಮಜ್ಜಿಗೆ. “ಅವತ್ತಿಂದ ನನ್ನ ಒಲೆ ಮೇಲೆ ಸಾಸಿವೆ ಸಿಡಿದಿಲ್ಲ. ಗಂಡನೂ ಬೈದು ಬೈದು ಸುಮ್ಮನಾದ. ಉಣ್ಣು. ಚೆಂದಾಗಿಲ್ಲ, ಆದರೂ ಉಣ್ಣು.”

ಗಾದ್ರಕ್ಕನಿಗೆ ಅದರಿಂದ ನೆಮ್ಮದಿಯಾಯಿತು ಎಂದು ಹೇಳುವುದು ಕಷ್ಟ. ಅದುವರೆಗೆ ಅವಳಿಗೆ ಹಿಡಿದುಕೊಳ್ಳಲು ತನ್ನ ತಪ್ಪಾದರೂ ಒಂದಿತ್ತು. ಈಗ ಅದೂ ಕೈಬಿಟ್ಟುಹೋಯಿತು. ತಪ್ಪದೆ ನಡೆದವಳ ಮಕ್ಕಳೂ ಉಳಿಯದಿದ್ದರೆ ತಾಯಿಯಾದವಳು ಏನನ್ನು ಕಾಯಬೇಕು? ಅವಳು ಹಾಲವ್ವನ ತೊಡೆಯ ಮೇಲೆ ಮುಖವಿಟ್ಟು, ಅಳಬಾರದ ಅಳುವನ್ನು ಅತ್ತಳು. ಹಾಲವ್ವ ಬೇಡ ಎನ್ನಲಿಲ್ಲ. ಸಂಜೆಯ ಹೊತ್ತಿಗೆ ಗಾದ್ರಕ್ಕ ಮೂರು ತುತ್ತು ಉಂಡಳಂತೆ. ಐದು ಎನ್ನುವವರೂ ಇದ್ದಾರೆ.

ಮುಂದೆ ಯಾರ ಮನೆಯ ಕೂಸು ಕಾಯಿಲೆ ಬಿದ್ದು ಮಲಗಿದರೂ ಅವರಿಬ್ಬರೂ ಸಪ್ಪೆ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿ ಹೋಗಿ ಆ ತಾಯಿಯ ಪಕ್ಕ ಕೂರತೊಡಗಿದರು. ಕೂಸುಗಳಲ್ಲಿ ಕೆಲವು ಬದುಕಿದವು, ಹೆಚ್ಚಿನವು ಬದುಕಲಿಲ್ಲ. “ಸಪ್ಪೆಯವ್ವಗಳು ಹೊರಟರು, ಬಾಗಿಲು ಹಾಕ್ಕಳ್ರಪ್ಪೋ” ಎಂದು ಕಟ್ಟೆಯ ಮೇಲಿನ ಗಂಡಸರು ನಗುತ್ತಿದ್ದರು. ಆ ಹೆಸರೇ ಗುಡ್ಡಕ್ಕೆ ನಿಂತಿತು. ಹಾಲವ್ವನ ರೂಪದಲ್ಲಿ ಬಂದದ್ದು ದೇವಿಯೇ ಎಂದು ಈಗ ಅನೇಕರು ಹೇಳುತ್ತಾರೆ. ದೇವಿಯಾಗಿದ್ದರೆ ‘ಗೊತ್ತಿಲ್ಲ’ ಎನ್ನುತ್ತಿದ್ದಳೇ ಎಂದು ಯಾರೂ ಕೇಳುವುದಿಲ್ಲ.

ಸಿಡುಬು ಹೋಗಿ ಎಷ್ಟೋ ಕಾಲವಾಯಿತು. ಮಂಗಳವಾರ ಗುಡ್ಡ ಹತ್ತಿದವರಿಗೆ ಇಂದಿಗೂ ಹಾಸುಬಂಡೆಯ ಮೇಲೆ ಆರೆಂಟು ಹೆಂಗಸರು, ಒಬ್ಬಿಬ್ಬರು ಗಂಡಸರು ಸಾಲಾಗಿ ಕುಳಿತಿರುವುದು ಕಾಣುತ್ತದೆ. ರಕ್ತದ ಕಾಯಿಲೆಯ ಮಗುವಿನ ತಾಯಿ, ಹೃದಯದಲ್ಲಿ ರಂಧ್ರವಿರುವ ಮಗುವಿನ ತಂದೆ, ಮಗುವೇ ಇಲ್ಲವಾದ ಮೇಲೂ ಬರುವುದನ್ನು ಬಿಡದವರು. ಇಲ್ಲಿ ಹರಕೆ ಹೊರುವ ಪದ್ಧತಿಯಿಲ್ಲ. ಮೊದಲ ಸಲ ಬಂದವರು ಆಸ್ಪತ್ರೆಯ ಚೀಟಿಗಳ ಚೀಲವನ್ನು ಎದೆಗವಚಿಕೊಂಡು, “ಇಲ್ಲಿ ನಡಕೊಂಡರೆ ವಾಸಿಯಾಗುತ್ತಾ?” ಎಂದು ಕೇಳುತ್ತಾರೆ. ಕುಳಿತವರಲ್ಲಿ ಯಾರೂ ಆಗುತ್ತದೆ ಎನ್ನುವುದಿಲ್ಲ. ಒಬ್ಬರು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಾರೆ.