ಅಳತೆಗಾರನ ತಮ್ಮ

“ಗುರುಗಳೇ, ನನ್ನ ಸ್ವಭಾವಕ್ಕೆ ಎಳ್ಳಷ್ಟೂ ಹೊಂದದ ಗೆಳೆಯನೊಬ್ಬನಿದ್ದಾನೆ. ಅವನು ಬಂದುಹೋದ ದಿನ ಮನಸ್ಸೆಲ್ಲ ಕದಡಿಹೋಗುತ್ತದೆ, ಧ್ಯಾನಕ್ಕೆ ಕುಳಿತರೂ ನಿಲ್ಲುವುದಿಲ್ಲ. ಅವನನ್ನು ಬಿಟ್ಟುಬಿಡಲೇ?” ಎಂದು ಮರುಳಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನ ಸಂತೆಯಲ್ಲಿ ಕಾಳು ಅಳೆಯುವವನೊಬ್ಬನಿದ್ದ. ಎಲ್ಲಿಂದಲೋ ಬಂದು ನೆಲೆಸಿದವನು. ಹೆಂಡತಿ ಮಕ್ಕಳಿಲ್ಲ, ನಂಟರಿಷ್ಟರಿಲ್ಲ. ಸುಳ್ಳಾಡಬಾರದೆಂಬುದು ಅವನ ವ್ರತ. ಅವನು ಅಳೆದುಕೊಟ್ಟದ್ದನ್ನು ಯಾರೂ ಮತ್ತೆ ಅಳೆದು ನೋಡುತ್ತಿರಲಿಲ್ಲ.

ಆ ಊರಿಗೆ ಆಗಾಗ ಒಬ್ಬ ವೇಷಗಾರ ಬರುತ್ತಿದ್ದ. ಒಮ್ಮೆ ಸನ್ಯಾಸಿ, ಒಮ್ಮೆ ಕೊರವಂಜಿ, ಒಮ್ಮೆ ಹುಲಿ. ಬಾಯಿ ತೆರೆದರೆ ಸುಳ್ಳು. ಕಾಲಿಗೆ ಚಕ್ರ ಕಟ್ಟಿಕೊಂಡವನು, ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಬಂದಾಗಲೆಲ್ಲ ಅಳತೆಗಾರನ ಮನೆಯಲ್ಲಿಯೇ ಬಣ್ಣ ತೊಳೆಯುತ್ತಿದ್ದ. ಅವನ ನಿಜವಾದ ಮುಖ ಕಂಡವನು ಅಳತೆಗಾರನೊಬ್ಬನೇ. ಇಬ್ಬರೂ ಕೂಡಿ ಉಣ್ಣುತ್ತಿದ್ದರು, ಕೂಡಿ ಜಗಳವಾಡುತ್ತಿದ್ದರು. ಅವನು ಹೊರಟುಹೋದ ಮೇಲೆ ಅಳತೆಗಾರ ಒಲೆಗೂ ಬಾಗಿಲಿಗೂ ಸುಮ್ಮನೆ ಅಲೆಯುತ್ತಿದ್ದ.

ಒಮ್ಮೆ ವೇಷಗಾರ ಸಂತೆಯ ನಡುವೆ ಪಾಳೇಗಾರನ ವೇಷ ಹಾಕಿ ಅವನ ನಡಿಗೆಯನ್ನು ಅಣಕಿಸಿದ. ಜನ ಬಿದ್ದು ಬಿದ್ದು ನಕ್ಕರು. ಸುದ್ದಿ ಕೋಟೆಗೆ ಮುಟ್ಟಿತು. ವೇಷಗಾರನ ನಾಲಿಗೆ ಕತ್ತರಿಸಿ ಬನ್ನಿರೆಂದು ಅಪ್ಪಣೆಯಾಯಿತು. ಭಟರು ಹುಡುಕುತ್ತ ಅಳತೆಗಾರನ ಮನೆಗೆ ಬಂದಾಗ ಇಬ್ಬರೂ ಜಗಲಿಯ ಮೇಲೆ ಕುಳಿತಿದ್ದರು.

“ಇವನು ಯಾರು? ನೀನು ಹೇಳಿದರೆ ಸಾಕು, ಬೇರೆ ಸಾಕ್ಷಿ ಬೇಡ” ಎಂದ ಭಟರ ಮುಖಂಡ.

ಗೆಳೆಯ ಸುಳ್ಳಾಡಲಾರನೆಂದು ವೇಷಗಾರನಿಗೆ ಗೊತ್ತಿತ್ತು. ಅವನ ಬಾಯಿಂದ ಆ ಉತ್ತರ ಹೊರಡುವಂತಾಗಬಾರದೆಂದು ತಾನೇ ಎದ್ದು ನಿಂತ. “ನೀವು ಹುಡುಕುವ ವೇಷಗಾರ ನಾನೇ.”

“ಅವನ ಮಾತು ಕೇಳಬೇಡಿ. ಅವನು ನನ್ನ ತಮ್ಮ, ತಲೆ ನೆಟ್ಟಗಿಲ್ಲ” ಎಂದ ಅಳತೆಗಾರ.

ಭಟರು ಅಳತೆಗಾರನನ್ನು ನಂಬಿ ಹೊರಟುಹೋದರು.

ಅಂದಿನಿಂದ ಅಳತೆಗಾರನಿಗೆ ಅನ್ನ ಸೇರಲಿಲ್ಲ. ಕೊಳಗದಲ್ಲಿ ಒಮ್ಮೆ ಅಳೆದ ಕಾಳನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದ. ಸಂತೆಯಲ್ಲಿ ನಿಂತು, “ನಾನೂ ಸುಳ್ಳಾಡುವವನೇ, ಇನ್ನು ಮೇಲೆ ನೀವೇ ಅಳೆದುಕೊಳ್ಳಿ” ಎಂದ. ಯಾವ ಸುಳ್ಳೆಂದು ಹೇಳುವಂತಿರಲಿಲ್ಲ. ಜನ ಅದನ್ನು ವಿನಯವೆಂದುಕೊಂಡು ಅವನನ್ನು ಇನ್ನಷ್ಟು ನಂಬಿದರು.

ವೇಷಗಾರ ಇದನ್ನು ನೋಡಿದ. ಬಣ್ಣದ ಪೆಟ್ಟಿಗೆಯನ್ನು ಹೊಳೆಗೆ ಎಸೆದ. ಗೆಳೆಯ ತನಗಾಗಿ ಆಡಿದ ಮಾತು ಸುಳ್ಳಾಗಿ ಉಳಿಯಬಾರದೆಂದು ಅವನ ತಮ್ಮನಾಗಿ ಆ ಮನೆಯಲ್ಲಿಯೇ ನಿಂತ. ನೀರು ತಂದ, ಮೂಟೆ ಹೊತ್ತ. ಸುಗ್ಗಿ ಮುಗಿದು ವೇಷಗಾರರು ಊರೂರು ತಿರುಗುವ ಕಾಲ ಬಂತೆಂದರೆ ಅವನ ಕಾಲು ಕೇಳುತ್ತಿರಲಿಲ್ಲ. ಹಿತ್ತಲಲ್ಲಿ ಅತ್ತಿಂದಿತ್ತ ನಡೆದು ನೆಲ ಸವೆಸಿದ. ಹೋಗಿ ಬಾ ಎಂದು ಅಳತೆಗಾರ ಎಷ್ಟೋ ಸಲ ಹೇಳಿದ. ಅವನು ಹೋಗಲಿಲ್ಲ. ಮುಪ್ಪಿನಲ್ಲಿ ಅಳತೆಗಾರ ಸತ್ತಾಗ ಚಿತೆಗೆ ಬೆಂಕಿ ಇಟ್ಟವನೂ ಅವನೇ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಮರುಳಯ್ಯ ಕುಳಿತಲ್ಲಿಯೇ ಚಡಪಡಿಸಿದ.

“ಆ ವೇಷಗಾರನ ಗೆಳೆತನ ಆಗದೇ ಹೋಗಿದ್ದರೆ ಅಳತೆಗಾರ ಕೊನೆಯವರೆಗೂ ನೆಮ್ಮದಿಯಾಗಿ ಇರುತ್ತಿದ್ದನಲ್ಲವೇ?”

“ಇರುತ್ತಿದ್ದ, ಅದನ್ನು ಕೆಡಿಸುವಷ್ಟು ಹತ್ತಿರಕ್ಕೆ ಯಾರೂ ಬರುತ್ತಿರಲಿಲ್ಲ.”