ಅತ್ತೆಯ ಕಂಡಿ

ಪಲಿಯೊಥೆರ್ಮಿ ಎಂಬ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ಗ್ರೀಸ್ ದೇಶದ ಒಂದು ಮೂಲೆಯಲ್ಲಿ, ಕಡಲಿನೊಳಕ್ಕೆ ಚಾಚಿಕೊಂಡ ಕಪ್ಪು ಬೆಟ್ಟವೊಂದರ ಬುಡದಲ್ಲಿ ಅದು ತಣ್ಣಗೆ ಕುಳಿತಿದೆ. ಬೆಟ್ಟವೆಂದರೆ ಹಿಂದೆಂದೋ ಬೆಂಕಿ ಕಾರಿ ಸುಮ್ಮನಾದ ಜ್ವಾಲಾಮುಖಿ. ಮೇಲೆ ಈಗ ಆಲಿವ್ ಮರಗಳು, ಕುರುಚಲು ಗಿಡಗಳು, ಮೇಯುವ ಆಡುಗಳು. ಹೊಟ್ಟೆಯ ಬಿಸಿ ಮಾತ್ರ ಇನ್ನೂ ಆರಿಲ್ಲ. ಆ ಬಿಸಿ ದಂಡೆಯುದ್ದಕ್ಕೂ ಬುಗ್ಗೆಗಳಾಗಿ ಉಕ್ಕಿ, ಗಂಧಕದ ವಾಸನೆಯನ್ನು ಊರಿಗೆಲ್ಲ ಹಂಚುತ್ತದೆ. ಬುಗ್ಗೆಯ ನೀರು ಸೇರುವಲ್ಲಿ ಕಡಲು ಹಾಲು ಬೆರೆಸಿದಂತೆ ಬೆಳ್ಳಗಾಗಿರುತ್ತದೆ. ಹೊಸಬರು ಮೊದಲ ದಿನ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ, ಎರಡನೆಯ ದಿನ ಮರೆಯುತ್ತಾರೆ, ಮೂರನೆಯ ದಿನ ಇನ್ನೊಂದು ವಾರ ಇರಬಹುದಲ್ಲ ಎಂದು ಯೋಚಿಸುತ್ತಾರೆ. ನಾನೂ ಅವರಲ್ಲೊಬ್ಬ. ಹಡಗುಗಳ ಎಂಜಿನ್ ಕೋಣೆಯ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿದೇ ಮೊಣಕಾಲು ಸವೆಸಿಕೊಂಡ ಹೊನ್ನಾವರದವನು. ಗ್ರೀಕರ ಹಡಗುಗಳಲ್ಲೇ ಹೆಚ್ಚು ಕಾಲ ದುಡಿದದ್ದರಿಂದ ಅವರ ಮಾತು ತಕ್ಕಮಟ್ಟಿಗೆ ಬರುತ್ತದೆ. ಜೊತೆಗೆ ದುಡಿದ ಅನಾರ್ಗಿರೊಸ್, ನಿನ್ನ ಕಾಲಿಗೆ ಔಷಧ ನಮ್ಮೂರ ನೀರಿನಲ್ಲಿದೆ ಬಾ ಎಂದು ವರ್ಷಗಟ್ಟಲೆ ಕರೆದ ಮೇಲೆ ಕೊನೆಗೂ ಹೋಗಿದ್ದೆ.

ಊರಿನ ದಕ್ಷಿಣದ ತುದಿಯಲ್ಲಿ, ಸುಣ್ಣ ಬಳಿದ ಪುಟ್ಟ ಇಗರ್ಜಿಯ ಕೆಳಗೆ, ಕಪ್ಪು ಕಲ್ಲಿನ ಗೋಡೆ ಕಟ್ಟಿ ಕಡಲಿನಿಂದ ಬೇರ್ಪಡಿಸಿದ ದುಂಡನೆಯ ಕೊಳವೊಂದಿದೆ. ಗೋಡೆಯ ನಡುವೆ, ನೀರಿನ ಮಟ್ಟಕ್ಕೆ ಸರಿಯಾಗಿ, ಒಂದು ಕಲ್ಲು ಹಿಡಿಸುವಷ್ಟು ಕಂಡಿ. ಕೊಳದ ಹೆಸರೇ ‘ಅತ್ತೆಯ ಕಂಡಿ’. ಅನಾರ್ಗಿರೊಸ್ ಅದರ ಅರ್ಥ ಬಿಡಿಸಿ ಹೇಳಿದಾಗ ನಾನು ನಕ್ಕುಬಿಟ್ಟೆ. ಒಳಗೆ ಸುಡುನೀರು, ಮೇಲೆ ಕಟುವಾಸನೆ. ಹೆಸರಿಟ್ಟವನು ಯಾವನೋ ನೊಂದ ಅಳಿಯನಿರಬೇಕು ಎಂದೆ. ಕೊಳದ ಬೀಗದ ಕೈ, ಟವೆಲ್‌ಗಳ ರಾಶಿ ಎರಡನ್ನೂ ನೋಡಿಕೊಳ್ಳುವ, ಅನಾರ್ಗಿರೊಸನ ಚಿಕ್ಕಮ್ಮ ವಂಗೆಲಿಯೊ ಅಲ್ಲೇ ಕುಳಿತಿದ್ದಳು. ಎಂಬತ್ತರ ಆಸುಪಾಸಿನ, ಕಪ್ಪು ಬಟ್ಟೆಯ, ನೆಟ್ಟಗಿನ ಬೆನ್ನಿನ ಹೆಂಗಸು. ಆಕೆ ನಗಲಿಲ್ಲ. ಕಥೆ ಕೇಳದೆ ನೀರಿಗಿಳಿಯಬಾರದು ಎಂದು ನನ್ನ ಟವೆಲನ್ನು ಕೈಯಿಂದ ಕಿತ್ತುಕೊಂಡು, ಎದುರಿನ ಕಲ್ಲಿನ ಮೇಲೆ ಕೂರಿಸಿದಳು. ಆಕೆಯಿಂದ ಕೇಳಿದ್ದನ್ನು, ಆಮೇಲೆ ಊರಿನ ಇತರ ಹಿರಿಯರೂ ಹೌದೆಂದು ತಲೆದೂಗಿದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಬೆಟ್ಟ ಸುತ್ತಿ ಬರುವ ರಸ್ತೆ ಇನ್ನೂ ಇಲ್ಲದ ಕಾಲದಲ್ಲಿ, ಪಲಿಯೊಥೆರ್ಮಿಗೆ ಬರಲೂ ಹೋಗಲೂ ಕಡಲೊಂದೇ ದಾರಿಯಾಗಿತ್ತು. ಗಂಡಸರೆಲ್ಲ ಕಡಲಿಗೆ ಹೋಗುವವರು; ಕೆಲವರು ಮರಳುತ್ತಿರಲಿಲ್ಲ. ಅದಕ್ಕಾಗಿ ಆ ಊರಿನಲ್ಲಿ ಒಂದು ಕಟ್ಟುಪಾಡು ಇತ್ತು. ಕಡಲು ಯಾರ ಗಂಡನನ್ನು ಒಯ್ದು ಹೆಣವನ್ನೂ ಕೊಡಲಿಲ್ಲವೋ ಆ ಹೆಂಗಸಿಗೆ ಕಡಲ ಸೂತಕ. ಹೆಣ ಸಿಕ್ಕಿ ಮಣ್ಣಾಗುವ ತನಕ ಆಕೆ ಕಡಲಿನ ನೀರಿಗೆ ಕಾಲಿಡುವಂತಿಲ್ಲ, ದೋಣಿ ಹತ್ತುವಂತಿಲ್ಲ. ಒಂದು ಮನೆಯ ರುಚಿ ಹತ್ತಿದ ಕಡಲು ಆ ಮನೆಯ ಉಳಿದವರನ್ನೂ ಕೇಳುತ್ತದೆ ಎಂಬ ಭಯ. ನಮ್ಮ ಕರಾವಳಿಯಲ್ಲಿ ಇಂಥದ್ದನ್ನು ನಾನು ಕೇಳಿಲ್ಲವಾದರೂ ಆ ಭಯ ಎಲ್ಲಿಂದ ಹುಟ್ಟುತ್ತದೆಂಬುದು ಕಡಲಂಚಿನಲ್ಲಿ ಬೆಳೆದವನಿಗೆ ಗೊತ್ತು.

ಆ ಊರಿನಲ್ಲಿ ಅಸಿಮೀನಾ ಎಂಬ ಹೆಂಗಸಿದ್ದಳು. ಪ್ರಾಯದಲ್ಲೇ ಗಂಡನನ್ನು ಕಡಲಿಗೆ ಕಳೆದುಕೊಂಡವಳು, ಹೆಣ ಬರಲಿಲ್ಲ. ಅಂದಿನಿಂದ ಕಡಲಂಚಿನ ಮರಳನ್ನೂ ತುಳಿದವಳಲ್ಲ. ತಾನು ನೇಮ ಹಿಡಿದದ್ದು ಸಾಲದೆಂಬಂತೆ ಊರ ಇತರ ವಿಧವೆಯರ ಮೇಲೂ ಒಂದು ಕಣ್ಣಿಟ್ಟಿದ್ದಳು. ಯಾರಾದರೂ ಪಾತ್ರೆ ತೊಳೆಯುವ ನೆಪದಲ್ಲಿ ಬೆರಳು ಅದ್ದಿದರೂ ಇಗರ್ಜಿಯವರೆಗೆ ಕೇಳುವಂತೆ ಬಯ್ಯುತ್ತಿದ್ದಳು. ಪಾದ್ರಿಗಿಂತ ಜನ ಅವಳಿಗೇ ಹೆಚ್ಚು ಹೆದರುತ್ತಿದ್ದರು ಎನ್ನುತ್ತಾರೆ. ಒಬ್ಬನೇ ಮಗ ಸ್ತಮಾತಿಸ್. ಎದುರಿನ ದ್ವೀಪದಿಂದ ಜಫೀರಾ ಎಂಬ ಹುಡುಗಿಯನ್ನು ಮದುವೆಯಾಗಿ ತಂದ. ಎರಡು ವರ್ಷ ತುಂಬುವುದರೊಳಗೆ ಅವನನ್ನೂ ಕಡಲು ಒಯ್ದಿತು, ಅವನ ಹೆಣವೂ ಬರಲಿಲ್ಲ. ಒಂದೇ ಮನೆಯಲ್ಲಿ ಈಗ ಸೂತಕದ ಹೆಂಗಸರು ಇಬ್ಬರು. ತಿಳಿಯಾದ ದಿನಗಳಲ್ಲಿ ಜಫೀರಾ ಅಂಗಳದಲ್ಲಿ ನಿಂತರೆ ತವರಿನ ದ್ವೀಪ ಕಾಣುತ್ತಿತ್ತು, ಅಲ್ಲಿ ಅವಳ ತಾಯಿ ಬದುಕಿದ್ದಳು. ಆದರೆ ದೋಣಿ ಹತ್ತದೆ ಅಲ್ಲಿಗೆ ಹೋಗುವುದೆಂತು? ಕಟ್ಟುಪಾಡು ಸೊಸೆಯನ್ನು ಅತ್ತೆಯ ಮನೆಯಲ್ಲಿ ಕಟ್ಟಿಹಾಕಿತು. ಮನೆಯಲ್ಲಿ ಇನ್ನೊಂದು ಉಸಿರು ಇದೆಯೆಂಬುದೇ ಅಸಿಮೀನಾಳನ್ನು ಬದುಕಿಸಿತ್ತು ಎಂದು ವಂಗೆಲಿಯೊ ಹೇಳಿದಳು, ನಾನು ನಂಬುತ್ತೇನೆ.

ಮುಂದಿನ ಚಳಿಗಾಲದಲ್ಲಿ ಜಫೀರಾಳ ಕಾಲುಗಳು ಬಿಗಿದುಕೊಂಡವು. ಮೊದಮೊದಲು ಮೆಟ್ಟಿಲಿಳಿಯುವಾಗ ನೋವು, ಆಮೇಲೆ ಗೋಡೆ ಹಿಡಿದು ನಡೆಯುವುದು, ಕೊನೆಗೆ ಹಾಸಿಗೆಯಿಂದ ಏಳುವುದಕ್ಕೇ ಆಗಲಿಲ್ಲ. ಆ ಊರಿನಲ್ಲಿ ಕಾಲುನೋವಿಗೆ ಔಷಧ ಕೇಳಬೇಕಾಗಿರಲಿಲ್ಲ. ಬೆನ್ನು ಹಿಡಿದ ಬೆಸ್ತರು, ಕೀಲು ಊದಿದ ಮುದುಕರು ಎಲ್ಲರೂ ಇಗರ್ಜಿಯ ಕೆಳಗಿನ ಬುಗ್ಗೆಗೆ ಹೋಗಿ ಕುಳಿತು ಬರುತ್ತಿದ್ದರು. ಆದರೆ ಆ ಬುಗ್ಗೆ ಉಕ್ಕುತ್ತಿದ್ದದ್ದು ದಂಡೆಯ ಬಂಡೆಗಳ ನಡುವೆ, ಅಲೆಗಳು ಬಂದು ಸೇರುವ ಜಾಗದಲ್ಲಿ. ಬೆಟ್ಟದ ನೀರು, ಕಡಲ ನೀರು ಎರಡೂ ಅಲ್ಲಿ ಒಂದೇ. ಅಸಿಮೀನಾ ಪಾದ್ರಿಯನ್ನು ಕೇಳಲು ಹೋದಳು. ಆತ ಕೆಟ್ಟವನೇನಲ್ಲ, ಬಹಳ ಹೊತ್ತು ಗಡ್ಡ ಸವರಿಕೊಂಡು, ಕಡಲು ಒಳಗೆ ಬರುತ್ತಿರುವಷ್ಟು ಕಾಲ ಅದು ಕಡಲೇ, ಹೆಣ ಸಿಗುವ ತನಕ ತಾಳ್ಮೆಯಿಂದಿರಬೇಕು ಎಂದ. ಇಷ್ಟು ವರ್ಷ ಇದೇ ಮಾತನ್ನು ಊರಿಗೆಲ್ಲ ಹೇಳಿದವಳು ಅಸಿಮೀನಾಳೇ ಆದ್ದರಿಂದ ಅವನೊಡನೆ ವಾದಿಸಲು ಅವಳಿಗೆ ಬಾಯಿರಲಿಲ್ಲ. ತನ್ನ ಗಂಡನ ಹೆಣವೇ ಇಷ್ಟು ಕಾಲದಲ್ಲಿ ಬಂದಿಲ್ಲವೆಂಬುದೂ ಅವಳಿಗೆ ತಿಳಿದಿತ್ತು.

ಹಟಮಾರಿ ಹೆಂಗಸು, ಸುಮ್ಮನಿರಲಿಲ್ಲ. ಕಡಲು ಒಳಗೆ ಬಂದರೆ ತಾನೇ ಕಡಲು? ಬಾರದಂತೆ ಮಾಡಿದರಾಯಿತು ಎಂದುಕೊಂಡಳು. ಬೆಟ್ಟದಿಂದ ಕಪ್ಪು ಕಲ್ಲುಗಳನ್ನು ಕತ್ತೆಯ ಮೇಲೆ ಹೇರಿ ತಂದು, ಬುಗ್ಗೆಗೂ ಕಡಲಿಗೂ ನಡುವೆ ಗೋಡೆ ಕಟ್ಟತೊಡಗಿದಳು. ಅವಳು ನಿಂತದ್ದು ದಡದ ಕಡೆಯಲ್ಲಿ ಮಾತ್ರ. ನೀರಿಗಿಳಿದು ಇಡಬೇಕಾದ ಕಲ್ಲುಗಳನ್ನು ಊರ ಗಂಡಸರು ಇಟ್ಟುಕೊಟ್ಟರು. ಸಂದುಗಳಿಗೆ ಸುಣ್ಣ, ಆಡಿನ ಕೂದಲು ಕಲಸಿದ ಗಾರೆ ತುಂಬಿಸಿದಳು. ಉಳಿದ ಚಳಿಗಾಲವಿಡೀ ಆ ಕೆಲಸ ನಡೆಯಿತು. ಗೋಡೆ ಮುಗಿದ ದಿನ ಪಾದ್ರಿ ಬಂದು ನೋಡಿ, ಒಳಕ್ಕೆ ಹನಿ ಕಡಲೂ ಬರುತ್ತಿಲ್ಲ, ಇದು ಬೆಟ್ಟದ ನೀರೇ ಎಂದು ಸಂತೋಷದಿಂದ ಒಪ್ಪಿದ. ಗಂಡಸರು ಜಫೀರಾಳನ್ನು ಕುರ್ಚಿಯಲ್ಲಿ ಹೊತ್ತು ತಂದರು. ಅಸಿಮೀನಾ ಮೊದಲು ತನ್ನ ಕೈ ಅದ್ದಿದಳು, ಅದ್ದಿದ ಕ್ಷಣವೇ ಹಿಂದಕ್ಕೆಳೆದುಕೊಂಡಳು. ಚರ್ಮ ಕೆಂಪಾಗಿ ಊದಿಕೊಂಡಿತು. ನೀರು ಕುದಿಯುವಂತಿತ್ತು. ಅಷ್ಟು ಕಾಲ ಅಲ್ಲಿ ಹಾಯಾಗಿ ಮಿಂದವರಲ್ಲಿ ಒಬ್ಬನಿಗೂ ಆ ನೀರನ್ನು ಮೈಗೆ ಹದ ಮಾಡುತ್ತಿದ್ದದ್ದು ಕಡಲು ಎಂಬುದು ಹೊಳೆದಿರಲಿಲ್ಲ. ಊರಿಗೆ ಊರೇ ಸೇರಿ ತಣ್ಣೀರನ್ನು ಹೊರಗಿಟ್ಟು ಸುಡುನೀರಿಗೆ ಗೋಡೆ ಕಟ್ಟಿಕೊಟ್ಟಿತ್ತು.

ಆದರೂ ಅವಳು ಬಿಡಲಿಲ್ಲ. ತನ್ನ ಮನೆಯ ಮಳೆನೀರಿನ ತೊಟ್ಟಿಯಿಂದ ಕೊಡ ಕೊಡ ನೀರು ಹೊತ್ತು ತಂದು, ಕೊಳದ ಒಂದು ಬದಿಗೆ ಕಲ್ಲು ಅಡ್ಡವಿಟ್ಟು, ಅಲ್ಲಿ ಸುಡುನೀರಿಗೆ ಬೆರೆಸಿ ಸೊಸೆಯನ್ನು ಕೂರಿಸಿದಳು. ಹಾಗೆ ಕೆಲವು ದಿನ ಮಾಡಿದ ಮೇಲೆ ಜಫೀರಾ ಕಾಲ್ಬೆರಳುಗಳನ್ನು ಆಡಿಸಿದಳು. ಆ ಬೆರಳುಗಳನ್ನು ನೋಡಿ ಅಸಿಮೀನಾ ಅತ್ತಳು. ಗಂಡ, ಮಗ ಇಬ್ಬರೂ ಹೋದಾಗಲೂ ಯಾರೂ ಕಾಣದ ಕಣ್ಣೀರು ಅಂದು ಊರಿಗೆಲ್ಲ ಕಂಡಿತು. ಆದರೆ ಆ ಬೆಟ್ಟದಲ್ಲಿ ಕುಡಿಯುವ ನೀರಿನ ಬಾವಿ ಇಲ್ಲ, ಮಳೆಯದೇ ಆಸರೆ. ಬೇಸಿಗೆಗೆ ಮುಂಚೆಯೇ ತೊಟ್ಟಿಯ ತಳ ಕಂಡಿತು. ನೆರೆಯವರು ಸ್ವಲ್ಪ ದಿನ ಕೊಟ್ಟರು, ಆಮೇಲೆ ಕೊಡುವುದಕ್ಕೆ ಅವರಲ್ಲೂ ಇರಲಿಲ್ಲ. ನೀರು ನಿಂತ ಕೂಡಲೇ ಕಾಲುಗಳು ಮತ್ತೆ ಬಿಗಿಯತೊಡಗಿದವು.

ಈಗ ಅವಳ ಮುಂದೆ ಉಳಿದದ್ದು ಒಂದೇ ದಾರಿ. ಅದರ ಬೆಲೆಯೂ ಅವಳಿಗೆ ಗೊತ್ತಿತ್ತು. ಕಡಲನ್ನು ಒಳಗೆ ಬಿಟ್ಟು ಆ ನೀರಿನಲ್ಲಿ ಸೊಸೆಯನ್ನು ಮೀಯಿಸಿದರೆ ಸೂತಕ ಮುರಿದಂತೆ. ಸೂತಕ ಮುರಿದವಳಿಗೆ ದೋಣಿ ಹತ್ತಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಕಾಲು ಬಂದ ದಿನ ಜಫೀರಾ ತವರಿಗೆ ಹೋಗಬಲ್ಲಳು. ಆಮೇಲೆ ಈ ಮನೆಯಲ್ಲಿ ಅಸಿಮೀನಾ ಒಬ್ಬಳೇ. ಸೊಸೆ ಹಾಸಿಗೆ ಹಿಡಿದೇ ಇದ್ದರೂ ಜೊತೆಗಿರುತ್ತಾಳೆ ಎಂದು ಅವಳು ಒಂದು ಕ್ಷಣವೂ ಯೋಚಿಸಲಿಲ್ಲವೆಂದು ನಾನು ಹೇಳಲಾರೆ. ಯೋಚಿಸಿಯೂ ಮುಂದೆ ಮಾಡಿದ್ದನ್ನು ಮಾಡಿದಳಲ್ಲ, ಅದಕ್ಕಾಗಿಯೇ ಆ ಹೆಂಗಸಿನ ಮೇಲೆ ನನಗೆ ಇಷ್ಟು ಗೌರವ.

ಭಾನುವಾರ ಪ್ರಾರ್ಥನೆ ಮುಗಿದು ಜನ ಇಗರ್ಜಿಯಿಂದ ಹೊರಬರುತ್ತಿದ್ದಾಗ ಅಸಿಮೀನಾ ಹೆಗಲ ಮೇಲೆ ಹಾರೆ ಇಟ್ಟುಕೊಂಡು ದಂಡೆಗಿಳಿದಳು. ಗೋಡೆಯ ಕಲ್ಲುಗಳನ್ನು ಹೊರಗಿನಿಂದ ಒಳಕ್ಕೆ ಅದುಮಿ ಕೂರಿಸಿದ್ದರಿಂದ ಅವನ್ನು ಕಡಲ ಕಡೆಯಿಂದಲೇ ಕೀಳಬೇಕಿತ್ತು. ಮುದುಕಿ ಚಪ್ಪಲಿ ಬಿಚ್ಚಿಟ್ಟು, ಎಲ್ಲರೂ ನೋಡುತ್ತಿದ್ದಂತೆ, ಕಪ್ಪು ಬಟ್ಟೆಯಲ್ಲೇ ಸೊಂಟದವರೆಗೆ ಕಡಲಿಗಿಳಿದಳು. ತಡೆಯಲು ಹೋದ ಹೆಂಗಸರು ಅಂಚಿನಲ್ಲೇ ನಿಂತರು. ಪಾದ್ರಿ ಆ ಹೊತ್ತಿಗೆ ಸರಿಯಾಗಿ ಬೆಟ್ಟದ ಕಡೆಗೆ ತಿರುಗಿ ಆಡುಗಳನ್ನು ನೋಡುತ್ತ ನಿಂತನಂತೆ. ದೇವರು ಆತನಿಗೆ ಒಳ್ಳೆಯದು ಮಾಡಲಿ. ಹಾರೆಯ ತುದಿಯನ್ನು ಸಂದಿಗೆ ಸಿಕ್ಕಿಸಿ ಅಸಿಮೀನಾ ಕಡಲಿಗೆ ಹೇಳಿದ ಮಾತು ಇಂದಿಗೂ ಆ ಊರಿನ ಮಕ್ಕಳ ಬಾಯಲ್ಲಿದೆ.

“ನನ್ನ ಮನೆಯಿಂದ ಇಬ್ಬರು ದುಡಿಯೋರನ್ನ ನೀನು ಕರ್ಕೊಂಡು ಹೋದೆ. ಮನೇಲಿ ಇನ್ನು ಕೈಯಾಳಿಲ್ಲ. ನೀನೇ ಬಾ, ಬಂದು ಈ ಹುಡುಗಿಗೆ ನೀರು ಹದ ಮಾಡು.”

ಕಲ್ಲು ಕಿತ್ತು ಬಂದಾಗ ಮೊದಲು ಹೊರಕ್ಕೆ ನುಗ್ಗಿದ್ದು ಒಳಗಿನ ಸುಡುನೀರು. ಅದು ಅವಳ ಹೊಟ್ಟೆ ತೊಡೆಗಳನ್ನು ಸುಟ್ಟಿತು, ಅವಳು ಕದಲಲಿಲ್ಲ. ಆಮೇಲೆ ಒಂದು ಅಲೆ ಬಂತು, ಅವಳ ಸೊಂಟವನ್ನು ದಾಟಿ ಕಂಡಿಯೊಳಗೆ ಹೊಕ್ಕಿತು. ಇನ್ನೊಂದು ಬಂತು. ಸಂಜೆಯ ಹೊತ್ತಿಗೆ ಜಫೀರಾ ಕೊಳದಲ್ಲಿ ಕುತ್ತಿಗೆಯವರೆಗೆ ಕುಳಿತಿದ್ದಳು, ಅತ್ತೆ ಹೊರಗೆ ಕಡಲಿನಲ್ಲಿ ನಿಂತು ಕಲ್ಲನ್ನು ಸರಿಸಿ, ಮುಚ್ಚಿ, ತಣ್ಣೀರು ಎಷ್ಟು ಬೇಕೋ ಅಷ್ಟೇ ಬಿಡುತ್ತಿದ್ದಳು. ಆ ವರ್ಷದ ದ್ರಾಕ್ಷಿಯ ಕೊಯ್ಲಿಗೆ ಜಫೀರಾ ತಾನೇ ನಡೆದು ಹೋಗಿ ಬುಟ್ಟಿ ಹೊತ್ತು ಬಂದಳು ಎನ್ನುತ್ತಾರೆ.

ತವರಿನ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದು ಅತ್ತೆಯೇ. ದ್ವೀಪಕ್ಕೆ ಹೋಗುವ ದೋಣಿಯವನಿಗೆ ತಾನೇ ಹೇಳಿಟ್ಟು, ಗಂಟು ಕಟ್ಟಿ, ಸೊಸೆಯನ್ನು ದಂಡೆಗೆ ಕರೆತಂದಳು. ನೀವೊಬ್ಬರೇ ಆಗ್ತೀರಲ್ಲಮ್ಮ ಎಂದು ಜಫೀರಾ ಅತ್ತಳು.

“ಆಗ್ತೀನಿ,” ಎಂದಳು ಅಸಿಮೀನಾ. “ಕಲ್ಲು ಕೀಳೋವಾಗಲೇ ಅದು ನನಗೆ ಗೊತ್ತಿತ್ತು. ಹೋಗು, ನಿಮ್ಮಮ್ಮನಿಗೆ ನಿನ್ನ ನಡಿಗೆ ತೋರಿಸು.”

ದೋಣಿಯ ಹಿಂಬದಿಗೆ ಕೈ ಕೊಟ್ಟು ಅದನ್ನು ನೀರಿಗೆ ತಳ್ಳಿದ್ದೂ ಅವಳೇ.

ಕಥೆ ಇಲ್ಲಿಗೆ ನಿಂತಾಗ ನಾನು ತಡೆಯಲಾರದೆ, ಜಫೀರಾ ಮತ್ತೆ ಬಂದಳೇ ಎಂದು ಕೇಳಿದೆ. ಪ್ರತಿ ಬೇಸಿಗೆಗೂ ಬಂದಳೆನ್ನುವವರಿದ್ದಾರೆ, ದ್ವೀಪದಲ್ಲೇ ಮರುಮದುವೆಯಾಗಿ ಬರಲೇ ಇಲ್ಲವೆನ್ನುವವರೂ ಇದ್ದಾರೆ ಎಂದಳು ವಂಗೆಲಿಯೊ. ಸತ್ಯ ಯಾವುದೆಂದು ಕೇಳಿದ್ದಕ್ಕೆ ಅವಳಿಗೆ ಸಿಟ್ಟೇ ಬಂತು. “ವಾಪಸ್ ಬರಲಿ ಅಂತ ತೆಗೆದ ಕಲ್ಲಲ್ಲಪ್ಪ ಅದು,” ಎಂದು ನನ್ನ ಟವೆಲನ್ನು ಮಡಿಲಿಗೆ ಎಸೆದಳು.

ಆ ಊರಿನಲ್ಲಿ ಕಡಲ ಸೂತಕವೆಂಬುದು ಈಗಿಲ್ಲ. ಅಸಿಮೀನಾಳ ಕಾಲದಲ್ಲೇ ಒಬ್ಬೊಬ್ಬರಾಗಿ ವಿಧವೆಯರು ನೀರಿಗಿಳಿದರಂತೆ, ಬಯ್ಯಲು ಯಾರೂ ಉಳಿದಿರಲಿಲ್ಲ. ಕಂಡಿ ಮಾತ್ರ ಹಾಗೆಯೇ ಇದೆ. ಒಂದು ಕಾಲದಲ್ಲಿ ಊರಿನವರು ಅದಕ್ಕೆ ಕಬ್ಬಿಣದ ತೂಬು ಹಾಕಿಸಲು ಹೊರಟಾಗ ಹೆಂಗಸರೆಲ್ಲ ಸೇರಿ ಬೇಡವೆಂದರು. ಆದ್ದರಿಂದ ಇಂದಿಗೂ ಅಲ್ಲಿ ಮೀಯಲು ಇಬ್ಬರು ಬೇಕು, ಒಬ್ಬರು ಒಳಗೆ ಬಿಸಿಯಲ್ಲಿ, ಇನ್ನೊಬ್ಬರು ಹೊರಗೆ ಚಳಿಯಲ್ಲಿ. ಹೊರಗೆ ನಿಲ್ಲಬೇಕಾದವರು ಹಿರಿಯರು, ಅದೇ ಅಲ್ಲಿಯ ಪದ್ಧತಿ. ಸಂಜೆ ಹೊತ್ತು ದಂಡೆಗೆ ಹೋದವರಿಗೆ ಸೊಂಟದುದ್ದ ಕಡಲಿನಲ್ಲಿ ಸೆರಗೆತ್ತಿ ಕಟ್ಟಿದ ಹಾಗೆ ಲಂಗ ಎತ್ತಿ ಕಟ್ಟಿಕೊಂಡು, ಕಲ್ಲಿನ ಮೇಲೆ ಕೈಯಿಟ್ಟು ನಿಂತ ಅತ್ತೆಯಂದಿರು ಕಾಣುತ್ತಾರೆ. ನನ್ನ ಜೊತೆಗೆ ಹಿರಿಯರಾರೂ ಇಲ್ಲದ್ದರಿಂದ ಅಂದು ವಂಗೆಲಿಯೊಳೇ ಇಳಿದಳು. ಬೇಡವೆಂದರೂ ಕೇಳಲಿಲ್ಲ. ಗೋಡೆಯಾಚೆ ಆಕೆ ಕಾಣುತ್ತಿರಲಿಲ್ಲ. ಕಲ್ಲು ಸರಿದ ಸದ್ದಾಯಿತು, ಮೊಣಕಾಲಿಗೆ ತಂಪು ತಾಗಿತು, ಕಂಡಿಯೊಳಗಿಂದ ಅವಳ ದನಿ ಬಂತು.

“ಹದವಾಯ್ತಾ ಮಗನೇ? ಇನ್ನೂ ಸ್ವಲ್ಪ ಬಿಡ್ಲಾ?”