ತಿಪ್ಪೇಶ ಕಂಪ್ಯೂಟರ್ ಎಬ್ಬಿಸಿದ್ದು

ಓಬಮ್ಮನಿಗೆ ಒಬ್ಬನೇ ಮಗ, ತಿಪ್ಪೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು.

ಚಳ್ಳಕೆರೆಯಲ್ಲಿ ಅವಳದೊಂದು ಪುಟ್ಟ ಅಂಗಡಿ. ಮದುವೆ ಕಾರ್ಡು ಟೈಪು ಮಾಡಿ ಪ್ರೆಸ್ಸಿಗೆ ಕೊಡುವ ಕೆಲಸ. ಇದ್ದದ್ದು ಒಂದೇ ಕಂಪ್ಯೂಟರು. ಬಡಗಿ ಮೌನೇಶಾಚಾರಿಯ ಮಗಳ ಮದುವೆ ಕಾರ್ಡು ಟೈಪಾಗಿ ಅದರೊಳಗೆ ಕೂತಿತ್ತು. ಮದುವೆಗೆ ಹನ್ನೆರಡೇ ದಿನ. ಸಂಜೆ ಐದಕ್ಕೆ ಆಚಾರಿ ಬಂದು ನೋಡಿ ಒಪ್ಪಿದರೆ ಪ್ರೆಸ್ಸಿಗೆ. ಅಷ್ಟರಲ್ಲಿ ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿ ಸುಟ್ಟುಹೋಯಿತು.

ತಿಪ್ಪೇಶ ಹೊಸ ಡಬ್ಬಿ ತಂದ. ಜೋಡಿಸುವಾಗ ಅದರ ಬೆನ್ನಿನ ಸ್ವಿಚ್ಚು ಆಫ್ ಆಗಿರಲಿ ಅಂತ ಮಾರಿದವನು ಹೇಳಿದ್ದ. ತಿಪ್ಪೇಶ ಆಫ್ ಮಾಡಿದ. ಜೋಡಿಸಿದ. ಒಂದು ಸ್ಕ್ರೂ ಬಿಡದೆ ಬಿಗಿದ. ಗುಂಡಿ ಒತ್ತಿದ. ಕಂಪ್ಯೂಟರು ಏಳಲಿಲ್ಲ.

ಓಬಮ್ಮ ರಿಪೇರಿ ಸಿದ್ದಣ್ಣನಿಗೆ ಫೋನು ಮಾಡಿದಳು. ಒಳಗೆ ರ್ಯಾಮ್ ಅಂತ ಒಂದು ಪಟ್ಟಿ ಇರುತ್ತೆ, ಕಿತ್ತು, ಅದರ ಹಲ್ಲಿನ ಕಪ್ಪನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿ ಅಂದ. ತಿಪ್ಪೇಶ ಕಿತ್ತ. ಉಜ್ಜಿದ. ಕೂರಿಸಿದ. ಏಳಲಿಲ್ಲ.

"ಅರೆಬರೆ ಉಜ್ಜಿದರೆ ಎಲ್ಲಿಂದ ಏಳುತ್ತೆ? ಕಪ್ಪು ಕಂಡ ಕಡೆಯೆಲ್ಲ ಉಜ್ಜು. ಒಂದು ಚುಕ್ಕೆ ಉಳಿಯಬಾರದು," ಅಂದು ಓಬಮ್ಮ ಹಿಂದಿನ ಕೋಣೆಗೆ ಹೋಗಿ ಕರೆಂಟ್ ಒಲೆಯ ಮೇಲೆ ಹಾಲಿಟ್ಟಳು.

ಬಂದು ನೋಡಿದರೆ ಮಗ ರಬ್ಬರು ಹಿಡಿದು ಬೆವರುತ್ತಿದ್ದ. ಮೇಜಿನ ಮೇಲೆ ಬೆಳ್ಳಗೆ ಎರಡು ಹಾಳೆ. ಆಚಾರಿ ತನ್ನ ಕಿವಿ ಸಂದಿಯ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟಿದ್ದ ಹಾಳೆಗಳು ಅವು. ಎಂಬತ್ತಾರು ಹೆಸರು. ಯಾರದು ಮೇಲೆ, ಯಾರದು ಕೆಳಗೆ, ಯಾವ ಸೋದರಮಾವ ಮೊದಲು ಅಂತ ಎರಡೂ ಕಡೆಯವರು ಮೂರು ದಿನ ಜಗಳವಾಡಿ ಒಪ್ಪಿದ್ದು. ಈಗ ಒಂದು ಚುಕ್ಕೆಯೂ ಉಳಿದಿರಲಿಲ್ಲ.

ಇನ್ನು ಆ ಹೆಸರುಗಳು ಇದ್ದದ್ದು ಸತ್ತ ಕಂಪ್ಯೂಟರಿನೊಳಗೆ ಮಾತ್ರ.

ಓಬಮ್ಮ ತಲೆ ಚಚ್ಚಿಕೊಂಡಳು. "ಇನ್ನು ಮೇಲೆ ನನ್ನ ಕೇಳದೆ ಏನನ್ನೂ ಮುಟ್ಟಬೇಡ," ಅಂದು, ಒಲೆಯ ಹಾಲು ಮರೆತು, ಸಿದ್ದಣ್ಣನನ್ನು ಕರೆತರಲು ಓಡಿದಳು.

ಅವನನ್ನು ಕರೆದುಕೊಂಡು ಬಂದರೆ ಅಂಗಡಿ ತುಂಬ ಹೊಗೆ. ಹಾಲು ಉಕ್ಕಿ, ಬತ್ತಿ, ಪಾತ್ರೆ ಕರಕಲಾಗಿತ್ತು. ತಿಪ್ಪೇಶ ಒಲೆಯ ಮುಂದೆ ಕೈಕಟ್ಟಿ ನಿಂತು ಕೆಮ್ಮುತ್ತಿದ್ದ.

"ಕೇಳಿ ಮುಟ್ಟೋಣ ಅಂದರೆ ನೀನೇ ಇರಲಿಲ್ಲವಲ್ಲ, ಅವ್ವ."

"ಹೊಗೆ ಕಂಡರೆ ಕೇಳುತ್ತಾ ಕೂರುತ್ತಾರೇನೋ? ಮೊದಲು ವೈರು ಕೀಳು. ಎತ್ತಿ ಹೊರಗೆ ಎಸಿ. ಆಮೇಲೆ ಬಂದು ಹೇಳು."

ತಿಪ್ಪೇಶ ಬೆರಳು ಮಡಿಸಿ ಮೂರನ್ನೂ ಬಾಯಿಪಾಠ ಮಾಡಿದ.

ಸಿದ್ದಣ್ಣ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದ. ಒಂದು ಬೆರಳಲ್ಲಿ ಟಕ್ ಅನ್ನಿಸಿದ. ಮುಂದೆ ಬಂದು ಗುಂಡಿ ಒತ್ತಿದ. ಫ್ಯಾನು ತಿರುಗಿತು.

"ಸ್ವಿಚ್ಚೇ ಆಫ್ ಇತ್ತಲ್ಲೋ ಮಾರಾಯ."

"ಆಫ್ ಮಾಡು ಅಂದಿದ್ದರು. ಆನ್ ಮಾಡು ಅಂತ ಯಾರೂ ಹೇಳಲಿಲ್ಲ."

ಐದು ಗಂಟೆಗೆ ಆಚಾರಿ ಬಂದ. ಪರದೆಯ ಮೇಲೆ ಎಂಬತ್ತಾರು ಹೆಸರು ಸಾಲಾಗಿ ನಿಂತಿದ್ದವು. ಒಂದೊಂದಾಗಿ ಓದಿದ. ಸೋದರಮಾವ ಮೇಲೇ ಇದ್ದಾನೆ, ಸದ್ಯ ನಾನು ಬದುಕಿದೆ ಅಂದ. ಓಬಮ್ಮನಿಗೆ ಹೋದ ಜೀವ ಬಂತು. ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ ಅಂದ ಸಿದ್ದಣ್ಣ. ಮೊದಲು ದೇವರು ಅಂದಳು ಓಬಮ್ಮ. ಎರಡು ಊದುಬತ್ತಿ ಹಚ್ಚಿ, ಬಾಳೆಹಣ್ಣಿಗೆ ಸಿಕ್ಕಿಸಿ, ಕಂಪ್ಯೂಟರಿನ ನೆತ್ತಿಯ ಮೇಲಿಟ್ಟು ಕೈಮುಗಿದಳು. ಪೆನ್‌ಡ್ರೈವ್ ಹುಡುಕಲು ಒಳಗೆ ಹೋದಳು. ಸಿದ್ದಣ್ಣ, ಆಚಾರಿ ಇಬ್ಬರೂ ಎದುರಂಗಡಿಗೆ ಚಹಾಕ್ಕೆ ಹೋದರು.

ಬೀದಿಯಲ್ಲಿ ಧಡಾರ್ ಅಂತ ಸದ್ದಾಯಿತು.

ಓಡಿ ಬಂದರೆ ಮೇಜು ಖಾಲಿ. ತಿಪ್ಪೇಶ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಹಿಂದೆಂದೂ ಅಷ್ಟು ಸಂತೋಷವಾಗಿ ಅವನು ಕಂಡಿರಲಿಲ್ಲ.

"ಹೊಗೆ ಬಂತು, ಅವ್ವ. ವೈರು ಕಿತ್ತೆ. ಎತ್ತಿ ಎಸೆದೆ. ಈಗ ಬಂದು ಹೇಳ್ತಾ ಇದ್ದೀನಿ."

ಸಿದ್ದಣ್ಣ ಚರಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಳಗೆ ಬಿದ್ದಿದ್ದ ಕಂಪ್ಯೂಟರು ನೋಡಿದ. ನೀರಿನಿಂದ ಬಾಳೆಹಣ್ಣು ಎತ್ತಿ ಪಕ್ಕಕ್ಕಿಟ್ಟ. ಸ್ವಿಚ್ಚು ಮಾತ್ರ ಆನ್ ಇದೆ ಅಂದ.

ಆಚಾರಿ ಎರಡು ಬಿಳಿ ಹಾಳೆ ಹಿಡಿದು, ಕಿವಿ ಸಂದಿಯ ಪೆನ್ಸಿಲ್ಲು ಮುಟ್ಟಿ ನೋಡಿಕೊಂಡು, ಹಾಗೇ ನಿಂತಿದ್ದ.

"ಇನ್ನೇನು ಮಾಡಲಿ, ಅವ್ವ?"

ಓಬಮ್ಮ ಬುದ್ಧಿ ಹೇಳಲು ಬಾಯಿ ತೆರೆದಳು. ಮಗ ಆಗಲೇ ಬೆರಳು ಮಡಿಸಲು ಸಿದ್ಧನಾಗಿದ್ದ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.